ಬೆಟ್ಟದ ಹೊಗೆ, ಅಂಗಳದ ತೇವ

ಶ್ರೀಮಠದ ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ ನನ್ನ ಸ್ಮೃತಿಗೆ ಮೊದಲು ಬಂದುದು ನಾನು ಬೋಧಿಸಿದ ಪಾಠವಲ್ಲ, ತಪ್ಪಾಗಿ ತಿದ್ದಿದ ಒಂದು ಉತ್ತರ.

ಕೇಂದ್ರ ಸರ್ಕಾರವು 2008ರಲ್ಲಿ ಆರಂಭಿಸಿದ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನದ ಪರೀಕ್ಷೆಯನ್ನು ಎಂಟನೆಯ ತರಗತಿಯ ಮಕ್ಕಳು ಬರೆಯುತ್ತಾರೆ. ಅದರ ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯಲ್ಲಿ 90 ಪ್ರಶ್ನೆಗಳು. ಮಳೆಯನ್ನೇ ನಂಬಿದ ನಮ್ಮ ಕಡೆಯ ಬಡ ಒಕ್ಕಲುಮಕ್ಕಳಿಗೆ ಈ ವೇತನವು ಅಲ್ಪವಾದುದೇನೂ ಅಲ್ಲ. ಅವರ ಅಭ್ಯಾಸಕ್ಕೆಂದು ಹಂಗಳದಲ್ಲಿ ನಾನೇ ಒಂದು ಪ್ರಶ್ನೆಯನ್ನು ರಚಿಸಿದ್ದೆನು. “ಮಳೆ ಬಂದರೆ ಅಂಗಳ ತೇವವಾಗುತ್ತದೆ, ಅಂಗಳ ತೇವವಾಗಿದೆ, ಆದ್ದರಿಂದ ಮಳೆ ಬಂದಿದೆ.” ಇದೇ ಬಗೆಯ ವಾದವನ್ನು ಆರಿಸಬೇಕು.

ಒಂದು ಆಯ್ಕೆ: “ಮಳೆ ಬಂದರೆ ಕೆರೆ ತುಂಬುತ್ತದೆ, ಮಳೆ ಬಂದಿದೆ, ಆದ್ದರಿಂದ ಕೆರೆ ತುಂಬಿದೆ.” ಇನ್ನೊಂದು: “ಜಾತ್ರೆಯಿದ್ದರೆ ಬಸ್ಸು ತುಂಬಿರುತ್ತದೆ; ಬಸ್ಸು ತುಂಬಿದೆ; ಆದ್ದರಿಂದ ಜಾತ್ರೆಯಿದೆ.” ಒಬ್ಬ ಬಾಲಕಿ ಜಾತ್ರೆಯನ್ನು ಆರಿಸಿದ್ದಳು. ಬಸ್ಸು ತುಂಬಲು ಸಂತೆಯೂ ಕಾರಣವಾಗಬಹುದಲ್ಲವೇ, ಈ ವಾದವೇ ಕೆಟ್ಟದ್ದೆಂದು ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆನು. ಅವಳು ಮೆಲ್ಲಗೆ, “ಮೊದಲನೆಯದೂ ಹಾಗೇ ಅಲ್ಲವೇ ಸಾರ್? ನಮ್ಮ ಅಂಗಳಕ್ಕೆ ಅಮ್ಮ ದಿನಾ ಬೆಳಿಗ್ಗೆ ಸಗಣಿನೀರು ಹಾಕುತ್ತಾಳೆ” ಎಂದಳು.

ಪ್ರಶ್ನೆ ಕೇಳಿದ್ದು ವಾದವು ಸರಿಯೇ ಎಂದಲ್ಲ, ಒಂದೇ ಅಚ್ಚಿನದೇ ಎಂದು. ದೋಷವುಳ್ಳ ವಾದಕ್ಕೆ ಜೊತೆಯಾಗುವುದು ಅದೇ ದೋಷವುಳ್ಳ ವಾದವೇ. ನಾನಾದರೋ ಮಳೆಗೆ ಮಳೆಯನ್ನು ಹೊಂದಿಸಿ ತೃಪ್ತನಾಗಿದ್ದೆನು.

ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವನೆಂಬ ಹೆಮ್ಮೆ ಬೇರೆ ನನಗಿತ್ತು! ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದರೆ ಕಾದ ಕಬ್ಬಿಣದ ಗುಂಡು ಅದನ್ನು ಸುಳ್ಳಾಗಿಸುತ್ತದೆ, ಹೊಗೆಗೆ ಹಸಿ ಸೌದೆಯೂ ಬೇಕು. ಈ ಪಾಠಕ್ಕೆ ಹಂಗಳದಲ್ಲಿ ಗ್ರಂಥವೇ ಬೇಡ. ಎದುರಿಗೇ ಹಿಮವದ್ ಗೋಪಾಲಸ್ವಾಮಿ ಬೆಟ್ಟವಿದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಕಿಚ್ಚು ಬಿದ್ದಾಗ ಹೊಗೆ ಕಂಡು ಬೆಂಕಿಯೆಂದವರ ಮಾತು ದಿಟವಾಗಿತ್ತು. ಮುಂಜಾನೆಯ ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯೆನ್ನುವವನ ವಾದದ ಅಚ್ಚೂ ಅದೇ. ಅವನ ಕಣ್ಣು ಮಾತ್ರ ತಪ್ಪಿದೆ. ಅಂಗಳದ ವಾದದಲ್ಲಿ ಕಣ್ಣು ಸರಿಯಿದ್ದು ಅಚ್ಚೇ ಕೆಟ್ಟಿದೆ.

ಮರುದಿನ ಆ ಬಾಲಕಿಯ ಹಾಳೆಯನ್ನು ಕೇಳಿ ಪಡೆದು, ತರಗತಿಯೆದುರು ಅಂಕವನ್ನು ತಿದ್ದಿಕೊಟ್ಟೆನು. ಹಿಂದಿನ ಮೂರು ವರ್ಷಗಳ ಮಕ್ಕಳಿಗೂ ಇದೇ ಪ್ರಶ್ನೆಯನ್ನು ಕೊಟ್ಟಿದ್ದೆ. ಅವರ ಹಾಳೆಗಳು ನನ್ನ ಬಳಿ ಉಳಿದಿರಲಿಲ್ಲ.