ಗೆದ್ದಲು ತಿನ್ನದ ಲೆಕ್ಕದ ಪುಸ್ತಕ

2017ರ ಏಪ್ರಿಲ್ ಕೊನೆಯ ವಾರ. ಕೋತಗಿರಿ ಬಳಿಯ ಕೊಡನಾಡು ಎಸ್ಟೇಟಿನ ಬಂಗಲೆಗೆ ಏಪ್ರಿಲ್ 23ರ ರಾತ್ರಿ ಕಳೆದು ಬೆಳಗಾಗುವುದರೊಳಗೆ ಗುಂಪೊಂದು ನುಗ್ಗಿತ್ತು. ಒಬ್ಬ ಕಾವಲುಗಾರನ ಪ್ರಾಣ ಹೋಯಿತು, ಇನ್ನೊಬ್ಬ ಗಾಯಗೊಂಡ. ಆ ಬಂಗಲೆಯಲ್ಲಿ ಬಂದು ತಂಗುತ್ತಿದ್ದ ಮುಖ್ಯಮಂತ್ರಿ ಜಯಲಲಿತಾ ತೀರಿಕೊಂಡು ಐದು ತಿಂಗಳು ಸಹ ಆಗಿರಲಿಲ್ಲ. ಅದೇ ವಾರ, ಸಂಚಿನಲ್ಲಿದ್ದನೆಂದು ಪೊಲೀಸರು ಹೇಳಿದ ಅವರ ಹಿಂದಿನ ಕಾರು ಚಾಲಕ ಸೇಲಂ ಜಿಲ್ಲೆಯ ಆತ್ತೂರಿನ ಬಳಿ ರಸ್ತೆ ಅಪಘಾತದಲ್ಲಿ ಸತ್ತ. ನೀಲಗಿರಿಯ ಯಾವ ಅಂಗಡಿಯ ಮುಂದೆ ನಿಂತರೂ ಅದೇ ಮಾತು. ಗೂಡಲೂರಿನ ನಮ್ಮ ಅಂಗಡಿಯಲ್ಲೂ ಅದೇ.

"ನುಗ್ಗಿದವರು ಮಾತ್ರವಲ್ಲ, ಅವರ ಜೊತೆ ಕೂತು ಮಾತಾಡಿದವರನ್ನೂ ಸೇರಿಸಿ ಒಳಗೆ ಹಾಕಬೇಕು" ಎಂದರು ನಮ್ಮ ಹಳೆಯ ಗಿರಾಕಿಯೊಬ್ಬರು. ಸುತ್ತ ಇದ್ದವರು ಹೌದೆಂದರು. ನಾನು ಮೆಣಸು ತೂಗುತ್ತಿದ್ದೆ, ಮಾತಾಡಲಿಲ್ಲ. ಗಲ್ಲಾದ ಹತ್ತಿರ ಕುಳಿತಿದ್ದ ಭಾವನವರು ಪುಸ್ತಕದ ಹಾಳೆ ತಿರುವಿದರು. ಆ ಗಿರಾಕಿ ನಮ್ಮೂರಿಗೆ ಬಂದು ಹತ್ತು ವರ್ಷವಾಗಿತ್ತಷ್ಟೆ. ನಮ್ಮ ಮನೆಯ ವಿಷಯ ಅವರಿಗೆ ಗೊತ್ತಿರಲಿಲ್ಲ.

ಸಂಪಾದಕರು ಈ ಅನುಭವವನ್ನು ಬರೆಯಿರೆಂದು ಎರಡು ಸಲ ಹೇಳಿದ್ದರು. ಅಕ್ಕ ಒಪ್ಪುವವರೆಗೂ ಬರೆಯಲು ಕೈ ಬರಲಿಲ್ಲ. ಈಗ ಒಪ್ಪಿದ್ದಾಳೆ, ಹೆಸರುಗಳು ಬೇಡವೆಂಬ ಷರತ್ತಿನ ಮೇಲೆ.

ನಮ್ಮ ತಂದೆಯವರು ಮೈಸೂರು ಸೀಮೆಯಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಗೂಡಲೂರಿಗೆ ಬಂದು ಮೆಣಸು, ಏಲಕ್ಕಿ, ಕಾಫಿಯ ವ್ಯಾಪಾರ ಹಿಡಿದವರು. ಅವರ ನಂತರ ಅಕ್ಕನ ಗಂಡ, ನಮ್ಮ ಭಾವನವರು, ಅಂಗಡಿಯ ಹಿರಿಯರಾದರು. ನಾನು ಪಾಲುದಾರ. ಗಿರಾಕಿ, ಖರೀದಿ ಅವರದು, ಲೆಕ್ಕ ನನ್ನದು. ಊರೆಲ್ಲ ತಮಿಳು, ಮಲಯಾಳ, ಬಡಗ ಮಾತು ಆಡಿದರೂ ನಮ್ಮ ಪುಸ್ತಕ ಮಾತ್ರ ಕನ್ನಡದಲ್ಲೇ. ದೀಪಾವಳಿಗೆ ಹೊಸ ಪುಸ್ತಕ ಪೂಜೆಗಿಟ್ಟು ಹಳೆಯದನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಏರಿಸುವುದು ತಂದೆಯವರ ಕಾಲದ ಪದ್ಧತಿ.

1994ರಲ್ಲಿ ಒಂದು ಸಂಜೆ ಕತ್ತಲಾದ ಮೇಲೆ, ನಮ್ಮ ಪೇಟೆಯ ಇನ್ನೊಬ್ಬ ವ್ಯಾಪಾರಿ ಮಾಲು ಮಾರಿದ ಹಣ ತೆಗೆದುಕೊಂಡು ಜೀಪಿನಲ್ಲಿ ತೆಪ್ಪಕಾಡಿನ ದಾರಿಯಾಗಿ ಬರುತ್ತಿದ್ದರು. ಬಂಡೀಪುರದ ರಸ್ತೆಗೆ ರಾತ್ರಿ ಸಂಚಾರದ ನಿಷೇಧ ಬಂದದ್ದು 2009ರಲ್ಲಿ. ಆಗ ಎಲ್ಲರೂ ಹೊತ್ತಲ್ಲದ ಹೊತ್ತಿನಲ್ಲಿ ಓಡಾಡುತ್ತಿದ್ದೆವು. ರಸ್ತೆಗೆ ಅಡ್ಡಲಾಗಿ ಮರದ ಕೊಂಬೆ ಎಳೆದಿತ್ತು. ಐದು ಜನ ಬಂದು ಹೊಡೆದು ಹಣ ಕಸಿದರು. ಸಿಕ್ಕಿಬಿದ್ದ ಐವರಲ್ಲಿ ಒಬ್ಬ ಮಸಿನಗುಡಿಯ ಕಡೆಯ ವ್ಯಾನ್ ಚಾಲಕ. ನಮ್ಮ ಅಂಗಡಿಯ ಮೂಟೆಗಳನ್ನು ಸಾಗಿಸುತ್ತಿದ್ದವನು ಅವನೇ.

ಕಾನೂನಿನಲ್ಲಿ ಸುಲಿಗೆಗೂ ಡಕಾಯಿತಿಗೂ ಇರುವ ವ್ಯತ್ಯಾಸ ನನಗೆ ಆಗಲೇ ತಿಳಿದದ್ದು. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಕೂಡಿ ಸುಲಿದರೆ ಅದು ಡಕಾಯಿತಿ, ಆಗಿನ ದಂಡಸಂಹಿತೆಯ 395ನೇ ಕಲಂ, ಜೀವಾವಧಿಯವರೆಗೂ ಶಿಕ್ಷೆ. ಅದರ ಜೊತೆಗೆ 120-ಬಿ, ಅಂದರೆ ಒಳಸಂಚು, ಸೇರಿದರೆ ಸ್ಥಳದಲ್ಲಿ ಇಲ್ಲದವನೂ ಕಟಕಟೆ ಹತ್ತಬೇಕು. ಚಾಲಕನು ಪೊಲೀಸರ ಮುಂದೆ ಭಾವನವರ ಹೆಸರು ಹೇಳಿದನಂತೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಆದರೆ ಹೆಸರು ಬಂದಮೇಲೆ ಅಂಗಡಿಗೆ ಬಂದರು, ಆ ವರ್ಷದ ಪುಸ್ತಕ ವಶಪಡಿಸಿಕೊಂಡರು. ಅದರಲ್ಲಿ ಸುಲಿಗೆಗೆ ಎರಡು ದಿನ ಮುಂಚಿನ ತಾರೀಖಿನಲ್ಲಿ ನನ್ನ ಕೈಬರಹದ ಒಂದು ಸಾಲು: ಚಾಲಕನ ಬಾಬ್ತು ಮುಂಗಡ 5,000.

ಈ ಸಾಲೇ ಮೊಕದ್ದಮೆಯಾಯಿತು. ನಮ್ಮ ಅಂಗಡಿಯಲ್ಲಿ ಮುಂಗಡವೆಂದರೆ ಮುಂದೆ ಹೊರುವ ಬಾಡಿಗೆಯಲ್ಲಿ ಮುರಿದುಕೊಳ್ಳುವ ಕೈಸಾಲ. ತಮಿಳಿಗೆ ತರ್ಜುಮೆಯಾಗಿ 'ಮುನ್‌ಪಣಂ' ಎಂದು ನ್ಯಾಯಾಲಯದಲ್ಲಿ ಓದಿದಾಗ ಅದು ಕೆಲಸ ಒಪ್ಪಿಸಿ ಕೊಟ್ಟ ಅಚ್ಚಾರದಂತೆ ಕೇಳಿಸಿತು. ಅದೇ ದಿನ ಭಾವನವರೂ ಚಾಲಕನೂ ಚಹಾ ಅಂಗಡಿಯಲ್ಲಿ ಬಹಳ ಹೊತ್ತು ಮಾತಾಡಿದ್ದನ್ನು ಕಂಡ ಸಾಕ್ಷಿಯೂ ಇದ್ದ. ಹಣ ಸಾಗುವ ದಿನ ಒಂದೇ ಪೇಟೆಯ ವ್ಯಾಪಾರಿಗೆ ಗೊತ್ತಿರಲೇಬೇಕು ಎಂಬುದು ಸರ್ಕಾರಿ ವಕೀಲರ ವಾದ. ಮೂರನ್ನೂ ಕೂಡಿಸಿದರೆ ಹೊರಗಿನವರಿಗೆ ಏನು ತೋರುತ್ತದೆ? ನಾನು ಹೊರಗಿನವನಾಗಿದ್ದರೆ ನನಗೂ ಹಾಗೆಯೇ ತೋರುತ್ತಿತ್ತು.

ವಿಚಾರಣೆಗೆ ಮುಂಚೆ ಊಟಿಯ ನಮ್ಮ ವಕೀಲರು ಕೇಳಿದರು: "ಹಿಂದಿನ ಎರಡು ವರ್ಷದ ಪುಸ್ತಕ ಇದೆಯೆ? ಇವನಿಗೆ ಮೊದಲೂ ಹೀಗೆ ಕೊಟ್ಟದ್ದಿದ್ದರೆ ತೋರಿಸೋಣ." ನಾನು ಹೇಳಿದೆ, ಇಲ್ಲ ಸಾರ್, ಗೆದ್ದಲು ತಿಂದುಹೋಯಿತು.

ಪುಸ್ತಕಗಳು ನನ್ನ ಮನೆಯ ಅಟ್ಟದಲ್ಲಿದ್ದವು. ಗೆದ್ದಲು ಮುಟ್ಟಿರಲಿಲ್ಲ. ಆ ಎರಡು ವರ್ಷಗಳಲ್ಲಿ ನಾನು ಭಾವನವರಿಗೆ ತಿಳಿಯದಂತೆ ಬಿಲ್ಲಿಲ್ಲದ ಮೆಣಸು ಕೊಂಡು ಮಾರಿದ್ದೆ. ಪರರಿಗೆ ಅರ್ಥವಾಗದ ಗುರುತು ಹಾಕಿ ಅದನ್ನೂ ಅದೇ ಪುಸ್ತಕದಲ್ಲಿ ಬರೆದಿದ್ದೆ. ಪುಸ್ತಕ ನ್ಯಾಯಾಲಯಕ್ಕೆ ಹೋದರೆ ಸೇಲ್ಸ್ ಟ್ಯಾಕ್ಸಿನವರ ಕೈಗೂ ಹೋಗುತ್ತದೆಂಬ ಭಯ. ಅದಕ್ಕಿಂತ ಹೆಚ್ಚಾಗಿ ಭಾವನವರು ನೋಡುತ್ತಾರೆಂಬ ಭಯ. ಹೇಗೂ ಬಿಡುಗಡೆಯಾಗುತ್ತದೆ, ಇದೇಕೆ ಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

1997ರ ಜುಲೈಯಲ್ಲಿ ಉದಕಮಂಡಲದ ಸೆಷನ್ಸ್ ನ್ಯಾಯಾಲಯ ಐವರ ಜೊತೆಗೆ ಭಾವನವರನ್ನೂ ಅಪರಾಧಿ ಎಂದಿತು. ಅವರಿಗೆ ಐದು ವರ್ಷ ಕಠಿಣ ಸಜೆ. ಅಂದು ಸಂಜೆಯೇ ಬೆಟ್ಟ ಇಳಿಸಿ ಕೊಯಮತ್ತೂರಿನ ಕೇಂದ್ರ ಕಾರಾಗೃಹಕ್ಕೆ ಕರೆದೊಯ್ದರು. ಅಕ್ಕ ನ್ಯಾಯಾಲಯದ ಮೆಟ್ಟಿಲ ಮೇಲೆ ಅವರ ಸ್ವೆಟರ್ ಹಿಡಿದು ನಿಂತಿದ್ದಳು. ಕೊಯಮತ್ತೂರಿನಲ್ಲಿ ಅದು ಬೇಡವೆಂದು ಅವಳಿಗೆ ಹೊಳೆದಿರಲಿಲ್ಲ.

ಸೆಷನ್ಸ್ ನ್ಯಾಯಾಧೀಶರು ಕೊಟ್ಟ ಶಿಕ್ಷೆಯ ಮೇಲೆ ಅಪೀಲು ಹೈಕೋರ್ಟಿಗೆ. ಅವಧಿ 60 ದಿನ. ತೀರ್ಪಿನ ನಕಲು ಪಡೆಯಲು ಹಿಡಿಯುವ ದಿನಗಳನ್ನು ಅದರಲ್ಲಿ ಎಣಿಸುವುದಿಲ್ಲ. ಜೈಲುಶಿಕ್ಷೆಯಾದವನಿಗೆ ತೀರ್ಪಿನ ಒಂದು ಪ್ರತಿಯನ್ನು ಕೂಡಲೇ ಉಚಿತವಾಗಿ ಕೊಡಬೇಕು. ಇದು ತಿಳಿಯದೆ ನಾನು ಎರಡು ಸಲ ಊಟಿಗೆ ಅಲೆದೆ. ವಕೀಲರನ್ನಿಡುವ ಶಕ್ತಿಯಿಲ್ಲದವನು ಜೈಲಿನ ಅಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು. ಚಾಲಕ ಹಾಗೆಯೇ ಕಳಿಸಿದನೆಂದು ಆಮೇಲೆ ತಿಳಿಯಿತು. ಇನ್ನೊಂದು ಮಾತು, ಇದನ್ನು ನಾವೆಲ್ಲ ತಪ್ಪು ತಿಳಿದಿದ್ದೆವು: ಅಪೀಲು ಹಾಕಿದ ಮಾತ್ರಕ್ಕೆ ಬಿಡುಗಡೆಯಿಲ್ಲ. ಶಿಕ್ಷೆಯನ್ನು ಅಮಾನತಿನಲ್ಲಿಡಿ ಎಂದು ಬೇರೆ ಅರ್ಜಿ ಹಾಕಬೇಕು. (2024ರ ಜುಲೈ 1ರಿಂದ ಹೊಸ ಸಂಹಿತೆಗಳು ಬಂದು ಕಲಂಗಳ ಸಂಖ್ಯೆ ಬದಲಾಗಿದೆ. ಒಳಸಂಚು ಈಗ ನ್ಯಾಯ ಸಂಹಿತೆಯ 61, ಅಪೀಲು ನಾಗರಿಕ ಸುರಕ್ಷಾ ಸಂಹಿತೆಯ 415. ದಾರಿ ಮಾತ್ರ ಹೆಚ್ಚುಕಡಿಮೆ ಹಳೆಯದೇ.)

ಅಪೀಲು ಆಗಸ್ಟಿನಲ್ಲಿ ಸಲ್ಲಿಕೆಯಾಯಿತು. ಅಮಾನತಿನ ಆದೇಶ ಬರಲು ನವೆಂಬರ್ ಆಯಿತು. ನಡುವೆ ದಶಲಕ್ಷಣ ಪರ್ವ ಬಂತು.

ಜೈಲಿನಲ್ಲಿ ಸಂಜೆಯ ಊಟವನ್ನು ಬೆಳಕಿರುವಾಗಲೇ ಕೊಟ್ಟು ಬೀಗ ಹಾಕುತ್ತಿದ್ದರು. "ರಾತ್ರಿಭೋಜನ ತ್ಯಾಗ ಇಲ್ಲಿ ನಮ್ಮ ಮನೆಗಿಂತ ಕಟ್ಟುನಿಟ್ಟು" ಎಂದು ಭಾವನವರು ಮೊದಲ ಭೇಟಿಯಲ್ಲಿ ನಗಿಸಿದ್ದರು. ಸಾಂಬಾರಿನ ಈರುಳ್ಳಿಯ ಕಾರಣಕ್ಕೆ ಬರಿಯ ಅನ್ನ ಮಜ್ಜಿಗೆಯಲ್ಲಿ ದಿನ ಕಳೆಯುತ್ತಿದ್ದರೆಂದು ತಿಳಿದದ್ದು ಬೇರೆಯವರಿಂದ.

ಕ್ಷಮಾವಣಿಯ ದಿನ ನಾನೊಬ್ಬನೇ ಹೋದೆ. ಜಾಲರಿಯ ಆಚೆ ಅವರು, ಈಚೆ ನಾನು, ಪಕ್ಕದಲ್ಲಿ ಇಪ್ಪತ್ತು ಜನ ಕೂಗಿ ಮಾತಾಡುತ್ತಿದ್ದರು. ಅವರೇ ಮೊದಲು ಕೈಮುಗಿದು, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸು ಎಂದರು. ಪ್ರತಿವರ್ಷ ಹೇಳುವ ಮಾತು. ನನಗೆ ಆ ಮಾತನ್ನು ತಿರುಗಿ ಹೇಳಲಾಗಲಿಲ್ಲ. "ಭಾವ, ಪುಸ್ತಕ ಗೆದ್ದಲು ತಿಂದಿಲ್ಲ, ನಮ್ಮ ಅಟ್ಟದಲ್ಲೇ ಇದೆ" ಎಂದೆ. ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ಎರಡನೆಯ ಸಲ ಕೂಗಿ ಹೇಳಬೇಕಾಯಿತು. ಏಕೆ ಬಚ್ಚಿಟ್ಟೆನೆಂಬುದನ್ನೂ ಕೂಗಿಯೇ ಹೇಳಿದೆ.

ಅವರು ಬಹಳ ಹೊತ್ತು ನನ್ನನ್ನು ನೋಡಲಿಲ್ಲ. ಆಮೇಲೆ ಕೇಳಿದರು: "ನಿನ್ನ ಅಕ್ಕನಿಗೆ ಹೇಳಿದೆಯಾ?"

"ಇಲ್ಲ."

"ಮೊದಲು ಅವಳಿಗೆ ಹೇಳು. ಆಮೇಲೆ ವಕೀಲರಿಗೆ."

ಅಕ್ಕ ಎಂಟು ತಿಂಗಳು ನನ್ನೊಂದಿಗೆ ಮಾತು ಬಿಟ್ಟಳು. ಆ ಕಥೆ ಇಲ್ಲಿ ಬೇಡ.

ಮದ್ರಾಸಿನ ವಕೀಲರು ಸಿಟ್ಟಾಗಲಿಲ್ಲ, ಲೆಕ್ಕ ಹಾಕಿದರು. ಅಪೀಲಿನಲ್ಲಿ ಹೊಸ ಸಾಕ್ಷ್ಯ ತರುವುದು ಸುಲಭವಲ್ಲ. ನ್ಯಾಯಕ್ಕೆ ಅಗತ್ಯವೆಂದು ಹೈಕೋರ್ಟಿಗೆ ಮನವರಿಕೆಯಾದರೆ ಮಾತ್ರ, ಕಾರಣ ಬರೆದು, 391ನೇ ಕಲಮಿನ ಕೆಳಗೆ ತೆಗೆದುಕೊಳ್ಳಬಹುದು. ಮೊದಲೇಕೆ ತರಲಿಲ್ಲವೆಂಬುದಕ್ಕೆ ಪ್ರಮಾಣಪತ್ರ ಬೇಕು. ಅದನ್ನು ನಾನೇ ಬರೆದುಕೊಡಬೇಕು, ಇದ್ದದ್ದನ್ನು ಇದ್ದಹಾಗೆ. ಕೊಟ್ಟೆ. ಅದಕ್ಕೆ ಮುಂಚೆ ನಾವೇ ತೆರಿಗೆ ಕಚೇರಿಗೆ ಹೋಗಿ ಆ ಲೆಕ್ಕ ಒಪ್ಪಿಸಿದೆವು. ತೆರಿಗೆಯೂ ದಂಡವೂ ಸೇರಿ ತೀರಿಸಲು ಎರಡು ವರ್ಷ ಹಿಡಿಯಿತು, ನನ್ನ ಹೆಂಡತಿಯ ಬಳೆಗಳೂ ಹೋದವು.

ಆ ಹೊತ್ತಿಗೆ, 1998ರ ಮಾರ್ಚ್ 2ರಂದು, ಸುಪ್ರೀಂ ಕೋರ್ಟು ಹವಾಲಾ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಪತ್ರಿಕೆಗಳು ಜೈನ್ ಡೈರಿ ಎಂದು ಕರೆದ ಪ್ರಕರಣ. ಹೆಸರು ಕೇಳಿದರೆ ನಮ್ಮವರು ಮಾತು ಬದಲಿಸುತ್ತಿದ್ದ ಕಾಲ. ಅದರಲ್ಲಿ ನಮಗೆ ಬೇಕಾದದ್ದು ಇತ್ತು. ವ್ಯಾಪಾರದಲ್ಲಿ ಕ್ರಮವಾಗಿ ಬರೆದಿಟ್ಟ ಲೆಕ್ಕದ ಪುಸ್ತಕಕ್ಕೆ ಸಾಕ್ಷ್ಯದ ಬೆಲೆಯಿದೆ. ಬಿಡಿ ಹಾಳೆಗಳಿಗೆ ಪುಸ್ತಕದ ಬೆಲೆಯಿಲ್ಲ. ಪುಸ್ತಕವಾದರೂ ಬರಿಯ ನಮೂದಿನಿಂದಲೇ ಇನ್ನೊಬ್ಬನ ಮೇಲೆ ಹೊಣೆ ಹೊರಿಸಲಾಗದು, ಬೇರೆ ಆಧಾರ ಬೇಕು. ಮರುವರ್ಷ, 1999ರ ಮೇ 11ರಂದು, ರಾಜೀವ್ ಗಾಂಧಿ ಹತ್ಯೆಯ ಮೊಕದ್ದಮೆಯ ತೀರ್ಪು ಬಂತು. ಪೂನಮಲ್ಲಿಯ ವಿಶೇಷ ನ್ಯಾಯಾಲಯ 26 ಜನರಿಗೂ ಮರಣದಂಡನೆ ವಿಧಿಸಿತ್ತು. ಸುಪ್ರೀಂ ಕೋರ್ಟು ಅವರಲ್ಲಿ 19 ಜನರನ್ನು ಕೊಲೆಯ ಸಂಚಿನ ಆರೋಪದಿಂದ ಬಿಟ್ಟಿತು. ಸಂಚುಗಾರರ ಪರಿಚಯವಿತ್ತು, ಅವರೊಡನೆ ಓಡಾಡಿದ್ದರು ಎಂದರೆ ಸಾಲದು, ಅಪರಾಧಕ್ಕೆ ಒಪ್ಪಿ ಕೂಡಿದ್ದರೆಂದು ತೋರಬೇಕು ಎಂಬುದು ಅದರ ತಿರುಳು. ಅಷ್ಟು ದೊಡ್ಡ ಪ್ರಕರಣದ ಮಾತು ಮೆಣಸಿನ ವ್ಯಾಪಾರಿಯೊಬ್ಬನಿಗೂ ಅನ್ವಯಿಸುತ್ತದೆಂದು ನಮ್ಮ ವಕೀಲರು ಹೇಳಿದಾಗ ನನಗೆ ನಂಬಿಕೆ ಬಂದಿರಲಿಲ್ಲ.

ಹೈಕೋರ್ಟು ಅರ್ಜಿಯನ್ನು ಒಪ್ಪಿ, ಸಾಕ್ಷ್ಯ ದಾಖಲಿಸಿ ಕಳುಹಿಸುವಂತೆ ಊಟಿಯ ನ್ಯಾಯಾಲಯಕ್ಕೇ ಹೇಳಿತು. 1999ರ ಚಳಿಗಾಲದಲ್ಲಿ ನಾನು ಕಟಕಟೆ ಹತ್ತಿದೆ. ಚಾಲಕನ ಖಾತೆಯ ಎರಡು ವರ್ಷದ ಪುಟಗಳನ್ನು ಒಂದೊಂದಾಗಿ ಓದಿಸಿ ತಮಿಳಿಗೆ ಹೇಳಿಸಿದರು. ಮಕ್ಕಳ ಶಾಲೆ ಶುರುವಾಗುವಾಗ ಮುಂಗಡ, ಪೊಂಗಲ್‌ಗೆ ಮುಂಗಡ, ಹೆಂಡತಿಯ ಹೆರಿಗೆಗೆ ಮುಂಗಡ. ಮುಂದಿನ ತಿಂಗಳುಗಳ ಬಾಡಿಗೆಯಲ್ಲಿ ಜಮಾ. ಹನ್ನೊಂದು ಸಲ. ಒಮ್ಮೆ 6,000 ಸಹ ಕೊಟ್ಟಿದ್ದೆವು. ಸರ್ಕಾರಿ ವಕೀಲರು ಪುಟ ತಿರುವಿ ನನ್ನ ಗುರುತುಗಳ ಮೇಲೆ ಬೆರಳಿಟ್ಟರು. "ಇದೇನು?" ಹೇಳಿದೆ. "ನಿಮ್ಮ ವಕೀಲರಿಗೇ ಸುಳ್ಳು ಹೇಳಿದವರು ನೀವು. ಈಗ ನಿಜ ಹೇಳುತ್ತೀರೆಂದು ಹೇಗೆ ನಂಬುವುದು?" ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ, "ನನ್ನನ್ನು ನಂಬಬೇಡಿ, ಪುಸ್ತಕ ನೋಡಿ ಸ್ವಾಮಿ" ಎಂದೆ. ಹಿಂದಿನ ಬೆಂಚಿನಲ್ಲಿ ನಮ್ಮ ಪೇಟೆಯವರೇ ನಾಲ್ಕು ಜನ ಕುಳಿತಿದ್ದರು.

ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯ ವ್ರತದ ಅತಿಚಾರಗಳನ್ನು ಎಣಿಸುವಾಗ ಸ್ತೇನಪ್ರಯೋಗವೆಂದು ಒಂದು ಬರುತ್ತದೆ, ಕಳ್ಳನನ್ನು ಪ್ರೇರೇಪಿಸುವುದು. ಭಾವನವರ ಮೇಲಿದ್ದ ಆರೋಪ ಅದು. ರಾಜ್ಯದ ಕಟ್ಟಳೆ ಮೀರಿ ವ್ಯಾಪಾರ ಮಾಡುವುದೂ ಅದೇ ಪಟ್ಟಿಯಲ್ಲಿದೆ. ಅದನ್ನು ಮಾಡಿದವನು ಜೈಲಿಗೆ ಹೋಗಲಿಲ್ಲ.

ಅಂತಿಮ ವಾದ ನಡೆದದ್ದು 2001ರಲ್ಲಿ, ಅರ್ಧ ದಿನ. ಐವರಲ್ಲಿ ನಾಲ್ವರ ಶಿಕ್ಷೆ ಹಾಗೆಯೇ ಉಳಿಯಿತು, ಚಾಲಕನದು ಸ್ವಲ್ಪ ಕಡಿಮೆಯಾಯಿತು. ಭಾವನವರ ಮಟ್ಟಿಗೆ, ಪರಿಚಯವೂ ಕೈಸಾಲವೂ ಸಂಚಾಗುವುದಿಲ್ಲವೆಂದು ಹೇಳಿ ಬಿಡುಗಡೆ ಮಾಡಿದರು. ಸಂಶಯದ ಲಾಭ ಎಂಬ ಪದವೂ ತೀರ್ಪಿನಲ್ಲಿತ್ತು. ಪೇಟೆಯಲ್ಲಿ ಕೆಲವರು ಅದನ್ನೇ ಹಿಡಿದು ಹಲವು ವರ್ಷ ಆಡಿಕೊಂಡರು. ಹಣ ಕಳೆದುಕೊಂಡ ವ್ಯಾಪಾರಿ ಮಾತ್ರ ತಾವೇ ಅಂಗಡಿಗೆ ಬಂದು ಏಲಕ್ಕಿಯ ದರ ಕೇಳಿ ಹೋದರು. ಏಳು ವರ್ಷದ ನಂತರ ಅವರು ನಮ್ಮ ಮೆಟ್ಟಿಲು ಹತ್ತಿದ್ದು ಅಂದು.

ಕೊಡನಾಡಿನ ಮೊಕದ್ದಮೆ ಅದೇ ಊಟಿಯ ನ್ಯಾಯಾಲಯಕ್ಕೆ ಬಂತು. 2022ರಲ್ಲಿ ತನಿಖೆ ಸಿ.ಬಿ.ಸಿ.ಐ.ಡಿ.ಗೆ ಹೋಯಿತು. ಅದರಲ್ಲಿ ಯಾರು ತಪ್ಪಿತಸ್ಥರು, ಯಾರು ಅಲ್ಲ ಎಂದು ನಾನು ಹೇಳಲಾರೆ. ಸತ್ತ ಕಾವಲುಗಾರನ ಮನೆಯವರಿಗೆ ಉತ್ತರ ಸಿಗಬೇಕಾದದ್ದಂತೂ ಹೌದು.

ಆ ದಿನ ಗಿರಾಕಿಗಳು ಹೋದಮೇಲೆ ಭಾವನವರು ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದರು. ಏನೋ ಹೇಳುತ್ತಾರೆಂದು ಕಾದೆ.

"ಆ ಮೆಣಸು ಇನ್ನೊಂದು ಸಲ ತೂಗು. ನಿನ್ನ ಗಮನ ತಕ್ಕಡಿಯ ಮೇಲಿರಲಿಲ್ಲ" ಎಂದರು.

ತೂಗಿದೆ. ಇನ್ನೂರು ಗ್ರಾಂ ಕಡಿಮೆಯಿತ್ತು. ಹುಡುಗನ ಕೈಲಿ ಗಿರಾಕಿಯ ಮನೆಗೆ ಕಳುಹಿಸಿದೆವು.