ಬಟ್ಟೆಯ ಬೇರು

ಅನ್ನವನ್ನು ಉಣ್ಣುವಾಗ ಗದ್ದೆಯ ನೆನಪಾದರೂ ಬರುತ್ತದೆ. ಬಟ್ಟೆಯನ್ನು ಉಡುವಾಗ ಅದರ ಬೇರು ಯಾವ ಮಣ್ಣಿನಲ್ಲಿತ್ತೆಂದು ಯೋಚಿಸುವವರು ವಿರಳ.

ಬೆಂಗಳೂರು ದಂಡು ಪ್ರದೇಶದ ಕಮರ್ಷಿಯಲ್ ಸ್ಟ್ರೀಟಿನಲ್ಲಾಗಲಿ, ಇಂದಿರಾನಗರದ ಅಂಗಡಿಗಳಲ್ಲಾಗಲಿ ಇಂದು ಮಾರಾಟವಾಗುವ ಬಟ್ಟೆಯೆಲ್ಲ ಬರಿಯ ಹತ್ತಿಯದಲ್ಲ. ಹತ್ತಿಯೊಡನೆ ಅಗಸೆಯ ನಾರು, ವಿಸ್ಕೋಸ್, ಲಯೋಸೆಲ್ ಮೊದಲಾದವನ್ನು ಬೆರೆಸಿ ನೇಯ್ದ ಬಟ್ಟೆಗಳೂ ಉಂಟು. ಅವು ಹಗುರ, ಬೆವರನ್ನು ಹೀರುತ್ತವೆ; ಸಸ್ಯದಿಂದ ಬಂದವು, ಆದುದರಿಂದ ನೆಲಕ್ಕೆ ಹಿತವಾದವು ಎಂಬ ಹೊಗಳಿಕೆಯೂ ಅವಕ್ಕೆ ಸಲ್ಲುತ್ತದೆ.

ಸಸ್ಯದಿಂದ ಬಂದವು ಎಂಬ ಮಾತೇನೋ ನಿಜ. ವಿಸ್ಕೋಸಿನ ಮೂಲ ಮರವೇ. ಮರದಿಂದ ತೆಗೆದ ನಾರಿನ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡುಗಳಿಂದ ಸಂಸ್ಕರಿಸಿದರೆ ಅದು ಜೇನಿನಂತೆ ಮಂದವಾದ ದ್ರವವಾಗುತ್ತದೆ. ಆ ದ್ರವವನ್ನು ಸೂಕ್ಷ್ಮ ರಂಧ್ರಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಹಾಯಿಸಿದಾಗ ಎಳೆಗಳು ರೂಪುಗೊಳ್ಳುತ್ತವೆ. ಆದರೆ ಕಾರ್ಬನ್ ಡೈಸಲ್ಫೈಡಿನ ಆವಿ ಕಾರ್ಮಿಕರ ನರಗಳಿಗೆ ಹಾನಿಕರ.

ಇನ್ನು, ಆ ಮರ ಬೆಳೆದದ್ದು ಯಾರ ನೆಲದಲ್ಲಿ? ಈ ಪ್ರಶ್ನೆಯನ್ನು ಕರ್ನಾಟಕ ಹಿಂದೆಯೇ ಎದುರಿಸಿದೆ. ಹರಿಹರದ ಬಳಿ, ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ನೀಲಗಿರಿ ಮರದಿಂದ ತಿರುಳು ತೆಗೆಯುವ ಕಾರ್ಖಾನೆ ಕೆಲಸ ಆರಂಭಿಸಿತು. ನೀಲಗಿರಿಗೆ ಬೇಡಿಕೆ ಹೆಚ್ಚಿತು. ಇತ್ತ ಕೃಷ್ಣರಾಜಪುರವನ್ನು ದಾಟಿ ಹೊಸಕೋಟೆ, ಕೋಲಾರಗಳ ಕಡೆಗೂ ರಾಗಿಯ ಹೊಲಗಳಲ್ಲಿ ನೀಲಗಿರಿ ತೋಪುಗಳು ಎದ್ದವು. ನೀಲಗಿರಿಗೆ ಆರೈಕೆ ಕಡಿಮೆ. ದನಕರು ಅದನ್ನು ಮುಟ್ಟವು. ರೈತನ ಲೆಕ್ಕ ತಪ್ಪೆನ್ನಲಾಗದು. ಆದರೆ ರಾಗಿಯೊಡನೆ ದನದ ಹುಲ್ಲೂ ಹೋಯಿತು, ಕೂಲಿಯವರ ಕೆಲಸವೂ ಹೋಯಿತು.

1984ರಲ್ಲಿ ಸರ್ಕಾರವೂ ಆ ಕಾರ್ಖಾನೆಯೂ ಪಾಲುಗೊಂಡು ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದವು. ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ನೆಲವನ್ನು ಅದಕ್ಕೆ ಗೊತ್ತುಮಾಡಲಾಯಿತು. ಅದು ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ನೆಲ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ಹೂಡಿದರು. ನೀಲಗಿರಿಯ ಸಸಿಗಳನ್ನು ಕಿತ್ತರು. ಆ ಜಾಗದಲ್ಲಿ ಊರಿಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. 1991ರಲ್ಲಿ ಆ ಸಂಸ್ಥೆ ಮುಚ್ಚಿತು. 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನೇ ನಿಷೇಧಿಸಿತು.

ಹಾಗೆಂದು ವಿಸ್ಕೋಸನ್ನು ಹಳಿದು ಹತ್ತಿಯನ್ನು ಹೊಗಳಿದರೆ ನ್ಯಾಯವಾಗದು. ಹತ್ತಿಯ ಹೊಲಕ್ಕೂ ನೀರು ಬೇಕು. ಅಲ್ಲಿಯೂ ಕೀಟನಾಶಕ ಸುರಿಯುತ್ತದೆ. ಲಯೋಸೆಲ್ ವಿಧಾನದಲ್ಲಿ ತಿರುಳನ್ನು ಕರಗಿಸುವ ದ್ರಾವಕವನ್ನು ಬಹುಮಟ್ಟಿಗೆ ಪೂರ್ತಿಯಾಗಿ ಹಿಂದಕ್ಕೆ ಪಡೆದು ಮತ್ತೆ ಬಳಸುತ್ತಾರೆ. ಇದು ನಿಜವಾದ ಮುನ್ನಡೆ. ಆದರೂ ಅದಕ್ಕೆ ಮರ ಬೇಕು. ಮರಕ್ಕೆ ನೆಲ ಬೇಕು.

ಬಟ್ಟೆಗೆ ಹೊಲಿದ ಚೀಟಿಯಲ್ಲಿ ನಾರಿನ ಹೆಸರಿರುತ್ತದೆ, ನೆಲದ ಹೆಸರಿರುವುದಿಲ್ಲ. ಆದುದರಿಂದ ಕೊಳ್ಳುವವನು ‘ಇದು ಯಾವ ನಾರು?’ ಎಂದು ಕೇಳಿದರಷ್ಟೇ ಸಾಲದು. ‘ಇದು ಬೆಳೆದ ನೆಲದಲ್ಲಿ ಮೊದಲು ಏನಿತ್ತು?’ ಎಂದೂ ಕೇಳಬೇಕು. ಕುಸನೂರಿನ ಜನ ಕೇಳಿದ್ದು ಈ ಪ್ರಶ್ನೆಯನ್ನೇ.