ಯಾರ ಗುದ್ದು ಭಾರ?

ಬಾಕ್ಸಿಂಗ್ ಹುಚ್ಚಿನವರು ನಾಲ್ಕು ಮಂದಿ ಸೇರಿದರೆ, ಅತ್ಯುತ್ತಮ ಬಾಕ್ಸರ್ ಯಾರೆಂಬ ಮಾತು ಬೇಗ ಮುಗಿಯುತ್ತದೆ. ಒಬ್ಬ ಮುಹಮ್ಮದ್ ಅಲಿ ಅನ್ನುತ್ತಾನೆ, ಇನ್ನೊಬ್ಬ ಶುಗರ್ ರೇ ರಾಬಿನ್ಸನ್ ಅನ್ನುತ್ತಾನೆ, ಇಬ್ಬರೂ ತಲೆಯಾಡಿಸಿ ಸುಮ್ಮನಾಗುತ್ತಾರೆ. ಗಲಾಟೆ ಏಳುವುದು ಆಮೇಲೆ. ಎಲ್ಲರಿಗಿಂತ ಜೋರಾಗಿ ಗುದ್ದಿದವನು ಯಾರು? ಇಲ್ಲಿ ಯಾರೂ ಬಿಟ್ಟುಕೊಡುವವರಲ್ಲ. ಮೊದಲು ಬರುವ ಹೆಸರು ಮೈಕ್ ಟೈಸನ್‌ನದು. ಅದಕ್ಕೆ ಅವನ ಮುಷ್ಟಿ ಎಷ್ಟು ಕಾರಣವೋ, ವಿಡಿಯೊ ಕ್ಯಾಸೆಟ್ಟೂ ಅಷ್ಟೇ ಕಾರಣ. 1986ರ ನವೆಂಬರ್‌ನಲ್ಲಿ ಚಾಂಪಿಯನ್ ಟ್ರೆವರ್ ಬರ್ಬಿಕ್ ಅವನ ಒಂದೇ ಎಡಗೈ ಹುಕ್‌ಗೆ ಬಿದ್ದು, ಏಳಹೋಗಿ ಮತ್ತೆ ಬಿದ್ದು, ರಿಂಗಿನ ಇನ್ನೊಂದು ಬದಿಗೆ ತೂರಾಡಿಕೊಂಡು ಹೋಗಿ ಮತ್ತೊಮ್ಮೆ ಬಿದ್ದದ್ದನ್ನು ನೋಡಿದವರಿಗೆ ಬೇರೆ ಸಾಕ್ಷಿ ಬೇಕೆನಿಸುವುದಿಲ್ಲ. ಟೈಸನ್‌ಗೆ ಆಗ ಇಪ್ಪತ್ತೇ ವರ್ಷ.

ಇಷ್ಟೆಲ್ಲ ಜಗಳ ಯಾಕೆ, ಯಂತ್ರದಲ್ಲಿ ಅಳೆದರಾಯಿತಲ್ಲ ಎಂದು ಕೇಳುವವರಿದ್ದಾರೆ. ಅದೂ ಆಗಿದೆ. ಬ್ರಿಟನ್ನಿನ ಹೆವಿವೇಟ್ ಫ್ರಾಂಕ್ ಬ್ರೂನೋನ ಗುದ್ದನ್ನು ಅಲ್ಲಿನ ಸಂಶೋಧಕರು ಅಳೆದು 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ತೂಗುಬಿಟ್ಟ ಮೆತ್ತೆಗೆ ಅವನ ಮುಷ್ಟಿ ತಾಗಿದಾಗ ವೇಗ ಸೆಕೆಂಡಿಗೆ 8.9 ಮೀಟರ್, ಬಲ 4096 ನ್ಯೂಟನ್. ಆರು ಕಿಲೋ ತೂಕದ ಮರದ ಕೊಡತಿಗೆ ಮೆತ್ತೆ ಸುತ್ತಿ, ಗಂಟೆಗೆ ಮೂವತ್ತೆರಡು ಕಿಲೋಮೀಟರ್ ವೇಗದಲ್ಲಿ ಬೀಸಿ ತಲೆಗೆ ಹೊಡೆದರೆ ಹೇಗೋ ಹಾಗೆ ಎಂಬುದು ಅವರ ಲೆಕ್ಕ. ನಾಲ್ಕು ವರ್ಷದ ನಂತರ ಅದೇ ಕೊಡತಿ ಮೊದಲ ರೌಂಡಿನಲ್ಲೇ ಟೈಸನ್‌ಗೆ ತಗಲಿತು. ಟೈಸನ್ ಒಂದು ಕ್ಷಣ ತತ್ತರಿಸಿದ, ಬೀಳಲಿಲ್ಲ. ಐದನೇ ರೌಂಡಿಗೆ ಬ್ರೂನೋನ ಆಟವೇ ಮುಗಿಯಿತು.

ಮೆತ್ತೆ ತಪ್ಪಿಸಿಕೊಳ್ಳುವುದಿಲ್ಲ. ಯಂತ್ರದ ಅಳತೆಯ ದೋಷ ಇರುವುದು ಅಲ್ಲೇ. ಮನುಷ್ಯ ಕುಸಿಯುವುದು ಗುದ್ದಿನ ಭಾರಕ್ಕಿಂತ ಹೆಚ್ಚಾಗಿ ತಲೆ ಗಿರಕ್ಕನೆ ತಿರುಗುವುದರಿಂದ. ಗದ್ದದ ತುದಿಗೆ ಓರೆಯಾಗಿ ಬಿದ್ದ ಏಟು ತಲೆಯನ್ನು ತಿರುಗಿಸುತ್ತದೆ, ಒಳಗಿನ ಮಿದುಳು ಹಿಂದೆ ಉಳಿದು ಅಲ್ಲಾಡುತ್ತದೆ. ಏಟು ಬರುವುದು ಕಂಡರೆ ಕುತ್ತಿಗೆ ತಾನಾಗಿ ಬಿಗಿಯಾಗುತ್ತದೆ. ಕಾಣದೆ ಬಂದರೆ ಇಲ್ಲ. ಆದ್ದರಿಂದಲೇ ಹಳಬರು ಕಾಣದ ಗುದ್ದಿಗೆ ಹೆದರಿ ಎನ್ನುತ್ತಾರೆ. ಮಿಶ್ರ ಸಮರಕಲೆಯ (ಎಂಎಂಎ) ಹೋರಾಟಗಾರ ಫ್ರಾನ್ಸಿಸ್ ಎಂಗಾನೂ ಯಂತ್ರಕ್ಕೆ ಗುದ್ದಿ 1,29,161 ಎಂಬ ಅಂಕ ತೆಗೆದಾಗ ದಾಖಲೆ ಎಂದು ದೊಡ್ಡ ಸುದ್ದಿಯಾಯಿತು. ಅವನು ಬಾಕ್ಸಿಂಗ್‌ಗೆ ಬಂದು ಟೈಸನ್ ಫ್ಯೂರಿಯನ್ನು ಒಮ್ಮೆ ಕೆಡವಿದ್ದೂ ನಿಜ. ಆದರೆ 2024ರ ಮಾರ್ಚ್‌ನಲ್ಲಿ ಆಂಟನಿ ಜೋಶುವಾ ಎರಡನೇ ರೌಂಡಿನಲ್ಲಿ ಅವನನ್ನೇ ಮಲಗಿಸಿದಾಗ ಆ ಅಂಕ ಯಾರಿಗೂ ನೆನಪಾಗಲಿಲ್ಲ.

ಇನ್ನು ನಾಕೌಟ್ ಲೆಕ್ಕ. ಡಿಯೊಂಟೇ ವೈಲ್ಡರ್ 2020ರ ಆರಂಭದವರೆಗೆ ಗೆದ್ದ 42 ಪಂದ್ಯಗಳಲ್ಲಿ 41 ನಾಕೌಟ್. ಆರ್ಟರ್ ಬೆಟರ್ಬಿಯೆವ್ ತನ್ನ ಮೊದಲ ಇಪ್ಪತ್ತು ಪಂದ್ಯಗಳನ್ನೂ ನಾಕೌಟ್‌ನಲ್ಲೇ ಮುಗಿಸಿದವನು. ಯಾರನ್ನು ಬೀಳಿಸಿದ್ದು ಎಂದು ಕೇಳದೆ ಎಷ್ಟು ಜನರನ್ನು ಬೀಳಿಸಿದ್ದು ಎಂದು ಎಣಿಸುವುದು ಮಾತ್ರ ಗುಮಾಸ್ತೆ ಕೆಲಸ. ಜಾರ್ಜ್ ಫೋರ್‌ಮನ್ ಹೆಸರು ತೂಗುವುದು ಈ ಪ್ರಶ್ನೆಯಿಂದಲೇ. 1973ರ ಜನವರಿಯಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಅವನೆದುರು ನಿಂತಿದ್ದು ಒಮ್ಮೆಯೂ ಸೋಲದಿದ್ದ, ಅಲಿಯನ್ನೇ ಸೋಲಿಸಿದ್ದ ಜೋ ಫ್ರೇಜಿಯರ್. ಎರಡು ರೌಂಡ್ ಮುಗಿಯುವುದರೊಳಗೆ ಫ್ರೇಜಿಯರ್ ಆರು ಸಲ ನೆಲ ಕಂಡ. ಒಂದು ಗುದ್ದಿಗಂತೂ ಅವನ ಎರಡೂ ಕಾಲು ನೆಲ ಬಿಟ್ಟಿದ್ದವು. ಅದಾಗಿ ಇಪ್ಪತ್ತೊಂದು ವರ್ಷದ ಮೇಲೆ, ನಲವತ್ತೈದರ ವಯಸ್ಸಿನಲ್ಲಿ, ಹೊಟ್ಟೆ ಬಂದಿದ್ದ ಅದೇ ಫೋರ್‌ಮನ್ ಒಂಬತ್ತು ರೌಂಡ್ ಏಟು ತಿಂದು, ಹತ್ತನೆಯದರಲ್ಲಿ ಒಂದು ಮೋಟು ಬಲಗೈ ಗುದ್ದಿನಿಂದ ಮೈಕಲ್ ಮೂರರ್‌ನನ್ನು ಮಲಗಿಸಿ ಮತ್ತೆ ವಿಶ್ವ ಚಾಂಪಿಯನ್ ಆದ. ಕಾಲಿನ ಚುರುಕು ಹೋಗುತ್ತದೆ, ಉಸಿರು ಹೋಗುತ್ತದೆ, ಗುದ್ದು ಮಾತ್ರ ಕೊನೆಗೆ ಹೋಗುತ್ತದೆ ಎಂಬ ಬಾಕ್ಸಿಂಗ್ ಮಂದಿಯ ನಂಬಿಕೆಗೆ ಲಾಸ್ ವೇಗಸ್‌ನಲ್ಲಿ ನಡೆದ ಆ ಪಂದ್ಯಕ್ಕಿಂತ ಒಳ್ಳೆಯ ಆಧಾರವಿಲ್ಲ.

ಹೆವಿವೇಟ್‌ಗಳದ್ದೇ ಮಾತಾದರೆ ಚಿಕ್ಕ ಮೈಯವರಿಗೆ ಅನ್ಯಾಯ. ರಿಂಗ್ ಪತ್ರಿಕೆ 2003ರಲ್ಲಿ ನೂರು ಮಹಾನ್ ಪಂಚರ್‌ಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಜೋ ಲೂಯಿಸ್‌ಗೆ ಸಂದಿತು, ಮೂರನೆಯದು ವೇಲ್ಸ್‌ನ ಗಣಿ ಕಾರ್ಮಿಕ ಜಿಮ್ಮಿ ವೈಲ್ಡ್‌ಗೆ. ಅವನ ತೂಕ ಐವತ್ತು ಕಿಲೋ ಕೂಡ ಇರಲಿಲ್ಲ. ಟೈಸನ್ ಸಿಕ್ಕಿದ್ದು ಹದಿನಾರನೇ ಸ್ಥಾನದಲ್ಲಿ; ಜಗಳ ಹಚ್ಚುವ ಕಲೆ ಪತ್ರಿಕೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಒಂದೇ ಒಂದು ಗುದ್ದನ್ನು ಆರಿಸಿ ತೋರಿಸು ಎಂದರೆ ತೋರಿಸಬೇಕಾದದ್ದು 1990ರ ನವೆಂಬರ್‌ನಲ್ಲಿ ಸ್ಪೇನ್‌ನಲ್ಲಿ ನಡೆದ ಪಂದ್ಯವನ್ನು. ಶೆಫೀಲ್ಡ್‌ನ ಹೆರಲ್ ಗ್ರಹಾಂ ಹೊಡೆತ ತಪ್ಪಿಸಿಕೊಳ್ಳುವುದರಲ್ಲಿ ಎಂಥ ನಿಪುಣನೆಂದರೆ, ಊರಿನ ಕ್ಲಬ್ಬುಗಳಲ್ಲಿ ಕೈ ಹಿಂದೆ ಕಟ್ಟಿ ನಿಂತು, ತಾಕತ್ತಿದ್ದರೆ ಹೊಡೆಯಿರಿ ಎಂದು ಪಂತ ಕಟ್ಟುತ್ತಿದ್ದವನು. ಎದುರಿಗಿದ್ದವನು ವರ್ಜಿನ್ ದ್ವೀಪಗಳ ಜೂಲಿಯನ್ ಜಾಕ್ಸನ್. ಅವನ ರೆಟಿನಾಗೆ ಹಿಂದೆ ಶಸ್ತ್ರಚಿಕಿತ್ಸೆ ಆಗಿತ್ತು. ಮೂರು ರೌಂಡ್ ಗ್ರಹಾಂ ಅವನನ್ನು ಆಟವಾಡಿಸಿದ. ಜಾಕ್ಸನ್‌ನ ಒಂದು ಕಣ್ಣು ಊದಿ ಮುಚ್ಚಿಹೋಯಿತು, ಇನ್ನೊಂದು ರೌಂಡ್ ನೋಡಿ ನಿಲ್ಲಿಸುತ್ತೇವೆ ಎಂಬ ಮಾತೂ ಬಂತು. ನಾಲ್ಕನೇ ರೌಂಡ್. ಜಾಕ್ಸನ್‌ನ ಬೆನ್ನು ಹಗ್ಗಕ್ಕೆ ಒತ್ತಿದೆ, ಗ್ರಹಾಂ ಮುಗಿಸಿಬಿಡುವ ಹುಮ್ಮಸ್ಸಿನಲ್ಲಿ ಒಂದು ಹೆಜ್ಜೆ ಒಳಗೆ ಇಟ್ಟಿದ್ದಾನೆ. ಜಾಕ್ಸನ್‌ನ ಬಲಗೈ ಬಂತು. ಗ್ರಹಾಂ ಬಿದ್ದ ರೀತಿಯಲ್ಲೇ ಗೊತ್ತಾಗುತ್ತದೆ, ಬೆನ್ನು ನೆಲ ಮುಟ್ಟುವ ಮುಂಚೆಯೇ ಪ್ರಜ್ಞೆ ಹೋಗಿತ್ತು. ಕೈ ಊರಿಕೊಳ್ಳುವ ಪ್ರಯತ್ನ ಕೂಡ ಇಲ್ಲ.

ವಾದದ ತೊಡಕೂ ಇಲ್ಲೇ ಇದೆ. ನಿಜವಾದ ಗುದ್ದು ತನ್ನ ಸಾಕ್ಷಿಯನ್ನು ತಾನೇ ಅಳಿಸಿಹಾಕುತ್ತದೆ. ತಿಂದವನಿಗೆ ಅದು ನೆನಪೇ ಇರುವುದಿಲ್ಲ. ಹೇಗಿತ್ತು ಎಂದು ಹೇಳಬಲ್ಲವರು ತಿಂದೂ ಉಳಿದುಕೊಂಡವರು ಮಾತ್ರ, ಅಂದರೆ ಯಾರ ಮೇಲೆ ಆ ಗುದ್ದು ಪೂರ್ತಿ ಕೆಲಸ ಮಾಡಲಿಲ್ಲವೋ ಅವರು. ಅದರ ಮೇಲೆ, ತಾನು ತಡೆದುಕೊಂಡ ಏಟನ್ನು ಕೊಂಚ ದೊಡ್ಡದು ಮಾಡಿ ಹೇಳುವುದರಲ್ಲಿ ಯಾರಿಗೂ ನಷ್ಟವಿಲ್ಲ.

ಇಷ್ಟು ಅನುಮಾನ ಇಟ್ಟುಕೊಂಡೇ ಹೆವಿವೇಟ್ ಚಾಂಪಿಯನ್ ಆಗಿದ್ದ ಲ್ಯಾರಿ ಹೋಮ್ಸ್‌ನ ಮಾತು ಕೇಳಬೇಕು. 1979ರಲ್ಲಿ ಅವನು ಇನ್ನೊಬ್ಬ ಹೆವಿವೇಟ್ ಅರ್ನಿ ಶೇವರ್ಸ್‌ನ ಏಟು ತಿಂದ, 1988ರಲ್ಲಿ ಟೈಸನ್‌ನದು. ಶೇವರ್ಸ್‌ನ ಬಲಗೈ ಏಳನೇ ರೌಂಡಿನಲ್ಲಿ ಅವನನ್ನು ನೆಲಕ್ಕೆ ಅಪ್ಪಳಿಸಿತು. ಹೇಗೋ ಎದ್ದು, ಹನ್ನೊಂದನೇ ರೌಂಡಿನಲ್ಲಿ ಗೆದ್ದ. ಟೈಸನ್ ನಾಲ್ಕನೇ ರೌಂಡಿನಲ್ಲಿ ಅವನ ಕಥೆಯನ್ನೇ ಮುಗಿಸಿದ. ಆದರೂ ಹೋಮ್ಸ್ ಹೇಳುತ್ತ ಬಂದದ್ದು ಶೇವರ್ಸ್‌ನ ಗುದ್ದೇ ಭಾರ ಎಂದು. ಟೈಸನ್ ಎದುರು ನಿಂತಾಗ ಹೋಮ್ಸ್‌ಗೆ ಮೂವತ್ತೆಂಟು. ಪ್ರಾಯ ಕಳೆದವನನ್ನು ಬೀಳಿಸುವುದು ಬೇರೆ, ಪ್ರಾಯದಲ್ಲಿರುವವನನ್ನು ಬೀಳಿಸುವುದು ಬೇರೆ.

ಅಲಿಯ ಸಾಕ್ಷಿಯೂ ಇದೆ. 1977ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಶೇವರ್ಸ್‌ನ ಬಲಗೈ ಎರಡನೇ ರೌಂಡಿನಲ್ಲೇ ಅವನ ಮಂಡಿ ಸಡಿಲಿಸಿತು. ಅಲಿ ಮಾಡಿದ್ದು ನಾಟಕ: ಕಣ್ಣು ಅರಳಿಸಿ, ಇನ್ನೂ ಹೆಚ್ಚು ತೂರಾಡಿ, ನೋವಾದವನಂತೆ ನಟಿಸಿದ. ಬಲೆ ಒಡ್ಡುತ್ತಿದ್ದಾನೆಂದು ಅನುಮಾನಿಸಿ ಶೇವರ್ಸ್ ಹಿಂಜರಿದ. ನಿಜವಾದ ನೋವನ್ನು ಸುಳ್ಳು ನೋವಿನಿಂದ ಮುಚ್ಚಿಟ್ಟ ಇಂಥ ಜಾಣತನ ಬಾಕ್ಸಿಂಗ್‌ನಲ್ಲಿ ಇನ್ನೊಂದಿಲ್ಲ. ಹದಿನೈದು ರೌಂಡ್ ಮುಗಿದು ತೀರ್ಪು ಅಲಿಯ ಕಡೆ ಬಂತು. ಆ ಗುದ್ದಿಗೆ ಆಫ್ರಿಕಾದಲ್ಲಿರುವ ತನ್ನ ನೆಂಟರೂ ನಡುಗಿದರು ಎಂದು ಅವನು ನಗಿಸುತ್ತಿದ್ದ. ಅವನ ವೈದ್ಯ ಫರ್ಡಿ ಪಚೆಕೊ ಮಾತ್ರ ನಗಲಿಲ್ಲ. ಪಂದ್ಯದ ನಂತರ ಅಲಿಯ ಮೂತ್ರಪಿಂಡಗಳ ವರದಿ ನೋಡಿ, ಇನ್ನು ಸಾಕು ಎಂದು ಹೇಳಿ, ಯಾರೂ ಕೇಳದಿದ್ದಾಗ ತಂಡವನ್ನೇ ಬಿಟ್ಟ. ಅಲಿ ಇನ್ನೂ ನಾಲ್ಕು ಪಂದ್ಯ ಆಡಿದ, ಅದರಲ್ಲಿ ಮೂರು ಸೋತ.

ಸಿನಿಮಾದವರ ಕಡೆಯಿಂದಲೂ ಒಂದು ಕಥೆಯಿದೆ. 'ರಾಕಿ 3' ಚಿತ್ರದ ಖಳನ ಪಾತ್ರಕ್ಕೆ ಶೇವರ್ಸ್‌ನನ್ನು ಕರೆಸಿದ ಸಿಲ್ವೆಸ್ಟರ್ ಸ್ಟಾಲೋನ್, ಸುಮ್ಮನೆ ಮುಟ್ಟಬೇಡ, ಸ್ವಲ್ಪ ನಿಜವಾಗಿಯೇ ಹೊಡಿ ಎಂದನಂತೆ. ಶೇವರ್ಸ್ ಹೊಟ್ಟೆಗೊಂದು ಕೊಟ್ಟ. ಸ್ಟಾಲೋನ್ ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿಕೊಂಡ. ಪಾತ್ರ ಮಿಸ್ಟರ್ ಟಿಗೆ ಹೋಯಿತು.

ಫೋರ್‌ಮನ್ ಹೆಚ್ಚು ದೊಡ್ಡ ಬಾಕ್ಸರ್, ಟೈಸನ್ ಹೆಚ್ಚು ವೇಗದವನು, ಜಾಕ್ಸನ್ ತನ್ನ ತೂಕಕ್ಕೆ ಸಾಟಿಯಿಲ್ಲದವನು. ಒಂದೇ ಕೈ, ಒಂದೇ ಏಟು ಎಂಬ ಷರತ್ತಿಗೆ ಮಾತ್ರ ಹೆಸರು ಶೇವರ್ಸ್‌ನದೇ. ಗೆದ್ದ ಎಪ್ಪತ್ತಕ್ಕೂ ಹೆಚ್ಚು ಪಂದ್ಯಗಳಲ್ಲಿ ಆರನ್ನು ಬಿಟ್ಟು ಉಳಿದೆಲ್ಲವನ್ನೂ ಅವನು ನಾಕೌಟ್‌ನಲ್ಲೇ ಗೆದ್ದ. ವಿಶ್ವ ಪಟ್ಟಕ್ಕಾಗಿ ಎರಡು ಸಲ ರಿಂಗಿಗೆ ಇಳಿದ, ಎರಡು ಸಲವೂ ಸೋತ.